ಮಡಿಲಿಗೆ ಬಂದ ಮಗುವಿಗೆ ಟೈಪ್ ಒನ್ ಮಧುಮೇಹವಿದ್ದರೆ: ಪೋಷಕ ಕುಟುಂಬಗಳು ಅರಿಯಬೇಕಾದ ಸಂಗತಿಗಳು



ಹೆತ್ತವರ ನೆರಳಿಲ್ಲದ ಮಕ್ಕಳನ್ನು ತಮ್ಮವರೆಂದು ಬೆಳೆಸುವುದು ನಮ್ಮ ಮಠಮಾನ್ಯಗಳಿಗೆ ಹೊಸದಲ್ಲ. ತುಮಕೂರಿನ ಸಿದ್ಧಗಂಗೆಯಲ್ಲಿ ಲಿಂಗೈಕ್ಯ ಡಾ. ಶಿವಕುಮಾರ ಮಹಾಸ್ವಾಮಿಗಳವರು ಜಾತಿಮತಗಳ ಎಣಿಕೆಯಿಲ್ಲದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿದುದನ್ನು ನಾಡೇ ಕಂಡಿದೆ. ಹಾನಗಲ್ಲ ಕುಮಾರ ಶಿವಯೋಗಿಗಳವರ ಆಸರೆಯಲ್ಲಿ ಬೆಳೆದ ಅಂಧ ಬಾಲಕನೇ ಮುಂದೆ ಪಂಡಿತ ಪಂಚಾಕ್ಷರಿ ಗವಾಯಿಗಳಾದರು. ಅವರು ಸಾಕಿ ಸಂಗೀತ ಕಲಿಸಿದ ಮತ್ತೊಬ್ಬ ಅಂಧ ಬಾಲಕ ಪುಟ್ಟರಾಜರು ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ದಶಕಗಳ ಕಾಲ ಮುನ್ನಡೆಸಿದರು. ಕಣ್ಣಿಲ್ಲದ ಮಗುವಿಗೆ ಕನಿಕರ ತೋರಿ ಸುಮ್ಮನಾಗದೆ, ಅದಕ್ಕೆ ಏನು ಬೇಕೆಂಬುದನ್ನು ಅರಿತು ಕಲಿಸಿದ ಗುರುಗಳ ಪರಂಪರೆ ಅದು.

ಇಂದು ಆ ಹೊಣೆಯನ್ನು ಮಠಗಳಷ್ಟೇ ಅಲ್ಲದೆ ಗೃಹಸ್ಥ ಭಕ್ತರೂ ಹೊರಲು ಮುಂದೆ ಬರುತ್ತಿದ್ದಾರೆ. ಹಾಗೆ ಬಂದವರ ಮನೆಗೆ ಕೆಲವೊಮ್ಮೆ ಟೈಪ್ ಒನ್ ಮಧುಮೇಹವಿರುವ ಮಗು ಬರುತ್ತದೆ. ಸಕ್ಕರೆ ಕಾಯಿಲೆಯ ಮಗುವನ್ನು ಸಾಕುವುದು ನಮ್ಮಿಂದಾದೀತೇ, ಆ ಮಗು ಪ್ರಸಾದ ಸ್ವೀಕರಿಸಬಹುದೇ, ಶಿವರಾತ್ರಿಯ ಉಪವಾಸ ಮಾಡಬಹುದೇ ಎಂದು ಭಕ್ತರು ಕೇಳುವುದುಂಟು. ಈ ಪ್ರಶ್ನೆಗಳಿಗೆ ಸಾಧ್ಯವಾದಷ್ಟು ಸ್ಪಷ್ಟವಾದ ಉತ್ತರ ನೀಡುವುದೇ ಈ ಲೇಖನದ ಉದ್ದೇಶ. ಇದು ವೈದ್ಯರ ಸಲಹೆಗೆ ಬದಲಿಯಲ್ಲ. ವೈದ್ಯರ ಸಲಹೆಯನ್ನು ಮನೆಯಲ್ಲಿ, ಶಾಲೆಯಲ್ಲಿ, ಪ್ರಸಾದ ನಿಲಯದಲ್ಲಿ ಪಾಲಿಸಲು ಬೇಕಾದ ತಿಳಿವಳಿಕೆ ಮಾತ್ರ.

ಪೋಷಕತ್ವವೆಂದರೇನು

ಮೊದಲಿಗೆ ಕಾನೂನಿನ ಮಾತು. ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015ರ 44ನೆಯ ಪ್ರಕರಣವು ಪೋಷಕತ್ವಕ್ಕೆ ಅವಕಾಶ ಕಲ್ಪಿಸಿದೆ. ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇರೆಗೆ, ಹೆತ್ತವರಲ್ಲದ ಬೇರೊಂದು ಕುಟುಂಬದಲ್ಲಿ ಇರಿಸಿ ಬೆಳೆಸುವ ವ್ಯವಸ್ಥೆ ಇದು. ದತ್ತು ಬೇರೆ, ಪೋಷಕತ್ವ ಬೇರೆ. ದತ್ತು ಪಡೆದ ಮಗು ಕಾನೂನಿನ ದೃಷ್ಟಿಯಲ್ಲಿ ಆ ಮನೆಯದೇ ಆಗಿಬಿಡುತ್ತದೆ. ಪೋಷಕತ್ವದಲ್ಲಿ ಮಗುವಿನ ಹೊಣೆ ನಮ್ಮದು, ಆದರೆ ಅದರ ಬಗೆಗಿನ ಅಂತಿಮ ನಿರ್ಧಾರಗಳು ಸಮಿತಿಯ ಗಮನದಲ್ಲಿಯೇ ನಡೆಯಬೇಕು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಸಿಬ್ಬಂದಿ ಮನೆಗೆ ಬಂದು ಮಗುವಿನ ಸ್ಥಿತಿಗತಿಗಳನ್ನು ವಿಚಾರಿಸುತ್ತಾರೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಡಿ ಅರ್ಹ ಮಗುವಿಗೆ ಮಾಸಿಕ 4,000 ರೂಪಾಯಿಗಳ ನೆರವು ದೊರೆಯುತ್ತದೆ.

ಮಧುಮೇಹವಿರುವ ಮಗುವಿನ ವಿಷಯದಲ್ಲಿ ಈ ವ್ಯವಸ್ಥೆಗೆ ವಿಶೇಷ ಮಹತ್ವವಿದೆ. ಮಗು ಒಂದು ಮನೆಯಿಂದ ಇನ್ನೊಂದು ಮನೆಗೆ ಬರುವಾಗ ಅದರ ಬಟ್ಟೆಬರೆ, ಪುಸ್ತಕಗಳು ಜೊತೆಗೆ ಬರುತ್ತವೆ; ಅದರ ರೋಗದ ಬಗ್ಗೆ ಹಿಂದಿನವರಿಗಿದ್ದ ತಿಳಿವಳಿಕೆ ಬರುವುದಿಲ್ಲ. ಹೆತ್ತ ತಾಯಿ ಮಗುವಿನ ಮುಖ ನೋಡಿಯೇ ಸಕ್ಕರೆ ಇಳಿದಿದೆಯೆಂದು ಊಹಿಸಬಲ್ಲಳು. ಆ ಅನುಭವ ಹೊಸ ಮನೆಯವರಿಗೆ ಇರುವುದಿಲ್ಲ. ಹೀಗಾಗಿ ಇಲ್ಲಿ ಒಬ್ಬ ತಾಯಿಯ ಅಕ್ಕರೆಯೊಂದೇ ಸಾಲದು. ಆ ಮಗುವಿಗೆ ಅನ್ನವಿಕ್ಕುವ ಪ್ರತಿಯೊಬ್ಬರೂ ಅದರ ರೋಗವನ್ನು ಅರಿತಿರಬೇಕು. ಮುಂದೆ ಹೇಳುವುದೆಲ್ಲವೂ ಈ ಒಂದು ಮಾತಿನ ವಿಸ್ತರಣೆ.

ರೋಗದ ಸ್ವರೂಪ

ನಮ್ಮಲ್ಲಿ ಸಕ್ಕರೆ ಕಾಯಿಲೆಯೆಂದರೆ ಹಿರಿಯರಿಗೆ ಬರುವ, ಮಾತ್ರೆ ಮತ್ತು ಪಥ್ಯದಿಂದ ಹತೋಟಿಗೆ ಬರುವ ರೋಗವೆಂಬ ಕಲ್ಪನೆಯಿದೆ. ಅದು ಟೈಪ್ ಟೂ. ಮಕ್ಕಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವ ಟೈಪ್ ಒನ್ ಬೇರೆಯೇ ಬಗೆಯದು. ರೋಗಾಣುಗಳೊಡನೆ ಹೋರಾಡಬೇಕಾದ ದೇಹದ ರಕ್ಷಣಾ ಶಕ್ತಿಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಪಡಿಸುತ್ತದೆ. ಇನ್ಸುಲಿನ್ ಇಲ್ಲದೆ ಉಂಡ ಅನ್ನದ ಸಕ್ಕರೆಯು ರಕ್ತದಲ್ಲಿಯೇ ಉಳಿದುಬಿಡುತ್ತದೆ, ಜೀವಕೋಶಗಳಿಗೆ ತಲುಪುವುದಿಲ್ಲ. ತಿಂದರೂ ಮಗು ಸೊರಗುತ್ತದೆ. ಸಿಹಿ ತಿಂದುದರಿಂದ ಇದು ಬರುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಹೆತ್ತವರ ಪಾಪದ ಫಲವೆಂದೋ ಪೂರ್ವಜನ್ಮದ ಕರ್ಮವೆಂದೋ ಮಗುವಿನ ಮುಂದೆ ಆಡುವವರು ಇಂದಿಗೂ ಇದ್ದಾರೆ. ಹೆತ್ತವರನ್ನು ಕಳೆದುಕೊಂಡ ಮಗುವಿನ ಕಿವಿಗೆ ಅಂಥ ಮಾತು ಬೀಳದಂತೆ ನೋಡಿಕೊಳ್ಳುವುದು ಶರಣರ ಮನೆಯವರ ಕರ್ತವ್ಯ.

ಒಂದು ಶತಮಾನದ ಹಿಂದೆ ಈ ರೋಗ ಬಂದ ಮಕ್ಕಳು ಬದುಕುತ್ತಿರಲಿಲ್ಲ. ಅರೆಹೊಟ್ಟೆ ಆಹಾರ ಕೊಟ್ಟು ಕೆಲವು ತಿಂಗಳು ಜೀವ ಹಿಡಿದಿಡುವುದಷ್ಟೇ ವೈದ್ಯರಿಗೆ ಸಾಧ್ಯವಿತ್ತು. 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಅವರು ಪ್ರಾಧ್ಯಾಪಕ ಮ್ಯಾಕ್ಲಿಯಾಡ್ ಅವರ ಪ್ರಯೋಗಾಲಯದಲ್ಲಿ ಪ್ರಾಣಿಗಳ ಮೇದೋಜೀರಕದಿಂದ ಇನ್ಸುಲಿನ್ ಬೇರ್ಪಡಿಸಿದರು. ಜೇಮ್ಸ್ ಕಾಲಿಪ್ ಅದನ್ನು ಶುದ್ಧೀಕರಿಸಿದರು. 1922ರ ಜನವರಿಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಮೊದಲ ಬಾರಿಗೆ ಅದನ್ನು ಚುಚ್ಚಲಾಯಿತು. ಸಾವಿನಂಚಿನಲ್ಲಿದ್ದ ಆ ಬಾಲಕ ಚೇತರಿಸಿಕೊಂಡು ಇನ್ನೂ 13 ವರ್ಷ ಬದುಕಿದನು. ಅದನ್ನು ಕಂಡುಹಿಡಿದವರು ಅದರ ಹಕ್ಕುಸ್ವಾಮ್ಯವನ್ನು ತಲಾ ಒಂದೇ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ದಾಸೋಹದ ಅರ್ಥ ಬಲ್ಲ ನಮಗೆ ಈ ಸಂಗತಿ ಹೆಚ್ಚು ವಿವರಿಸದೆಯೇ ತಿಳಿಯುತ್ತದೆ.

ಇದರಿಂದ ಗ್ರಹಿಸಬೇಕಾದ ಮುಖ್ಯ ವಿಚಾರ ಒಂದಿದೆ. ಟೈಪ್ ಒನ್ ಇರುವ ಮಗುವಿಗೆ ಇನ್ಸುಲಿನ್ ಉಸಿರಿನಷ್ಟೇ ಅಗತ್ಯ. ಅದಕ್ಕೆ ಬದಲಿ ಮಾತ್ರೆಯಿಲ್ಲ, ಕಷಾಯವಿಲ್ಲ, ಬೇರು ಸೊಪ್ಪಿಲ್ಲ. ಇನ್ಸುಲಿನ್ ಪೂರ್ತಿಯಾಗಿ ನಿಂತುಹೋದರೆ ಒಂದೆರಡು ದಿನಗಳಲ್ಲಿಯೇ ದೇಹದಲ್ಲಿ ಕೀಟೋನ್ ಎಂಬ ಆಮ್ಲಗಳು ತುಂಬಿಕೊಂಡು ಪ್ರಾಣಾಪಾಯ ಒದಗುತ್ತದೆ. ಹಾಗಲಕಾಯಿ ರಸ ಕುಡಿಸುತ್ತೇವೆ, ಹರಕೆ ಹೊತ್ತಿದ್ದೇವೆ, ಇನ್ನು ಸೂಜಿ ಬೇಡವೆಂದು ನಿಲ್ಲಿಸುವುದು ಮಗುವಿನ ಜೀವದೊಡನೆ ಆಡುವ ಆಟ. ಈ ವಿಷಯದಲ್ಲಿ ಶ್ರೀಮಠದ ನಿಲುವಿನಲ್ಲಿ ಸಂದಿಗ್ಧವಿಲ್ಲ. ವಿಭೂತಿ, ಆಶೀರ್ವಾದ, ಪ್ರಾರ್ಥನೆಗಳು ಮಗುವಿಗೂ ಮನೆಯವರಿಗೂ ಧೈರ್ಯ ನೀಡಲಿ. ಅವು ಇನ್ಸುಲಿನ್ನಿನ ಜೊತೆಗಿರಬೇಕು, ಅದರ ಸ್ಥಾನದಲ್ಲಿ ಅಲ್ಲ. ಮಠದ ಹೆಸರು ಹೇಳಿ ಯಾರಾದರೂ ಇನ್ಸುಲಿನ್ ನಿಲ್ಲಿಸಲು ಹೇಳಿದರೆ ಅವರ ಮಾತನ್ನು ನಂಬಬಾರದು.

ಹೊಸದಾಗಿ ಬಂದ ಮಗುವಿನಲ್ಲಿ ಗಮನಿಸಬೇಕಾದುದು

ಕೆಲವು ಮಕ್ಕಳಲ್ಲಿ ಈ ರೋಗ ಪೋಷಕರ ಮನೆಗೆ ಬಂದ ಮೇಲೆಯೇ ತಲೆದೋರಬಹುದು. ಹೊಸ ಮನೆಯಲ್ಲಿ ಮಗು ರಾತ್ರಿ ಹಾಸಿಗೆಯಲ್ಲಿ ಮೂತ್ರ ಮಾಡಿಕೊಂಡರೆ, ಮಂಕಾಗಿ ಕುಳಿತರೆ, ಸೊರಗಿದರೆ ನಾವು ಅದನ್ನು ಅಂಜಿಕೆಯೆಂದೋ ಹೆತ್ತವರ ನೆನಪಿನ ಕೊರಗೆಂದೋ ಭಾವಿಸುವುದು ಸಹಜ. ಬಹಳ ಸಲ ಅದು ನಿಜವೂ ಆಗಿರುತ್ತದೆ. ಆದರೆ ಪದೇ ಪದೇ ಮೂತ್ರಕ್ಕೆ ಹೋಗುವುದು, ತಣಿಯದ ಬಾಯಾರಿಕೆ, ಆಯಾಸ, ತೂಕ ಇಳಿಯುವುದು ಈ ನಾಲ್ಕೂ ಒಟ್ಟಿಗೆ ಕಂಡರೆ ಅಂದೇ ರಕ್ತದ ಸಕ್ಕರೆ ಪರೀಕ್ಷಿಸಿಸಬೇಕು. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಬೆರಳ ತುದಿಯ ಒಂದು ಹನಿ ರಕ್ತದಿಂದ ನಿಮಿಷದೊಳಗೆ ಫಲಿತಾಂಶ ತಿಳಿಯುತ್ತದೆ. ವಾಂತಿ, ಹೊಟ್ಟೆನೋವು, ಜೋರಾದ ಆಳವಾದ ಉಸಿರಾಟ, ಉಸಿರಿನಲ್ಲಿ ಕೊಳೆತ ಹಣ್ಣಿನಂಥ ವಾಸನೆ ಇವು ಕಾಣಿಸಿಕೊಂಡರೆ ಕೀಟೋನ್ ಏರಿದೆಯೆಂದು ತಿಳಿದು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಇದನ್ನು ಬರಿಯ ಅಜೀರ್ಣವೆಂದು ಮನೆಮದ್ದು ಮಾಡುತ್ತ ಕಳೆಯುವ ರಾತ್ರಿ ಮಗುವಿನ ಜೀವಕ್ಕೇ ಎರವಾಗಬಹುದು.

ದಿನದ ಕ್ರಮ

ಸಾಮಾನ್ಯವಾಗಿ ದಿನವಿಡೀ ಕೆಲಸ ಮಾಡುವ ದೀರ್ಘಾವಧಿ ಇನ್ಸುಲಿನ್ ಒಂದು, ಪ್ರತಿ ಊಟಕ್ಕೂ ಮುನ್ನ ತೆಗೆದುಕೊಳ್ಳುವ ಅಲ್ಪಾವಧಿ ಇನ್ಸುಲಿನ್ ಇನ್ನೊಂದು. ಹೀಗೆ ದಿನಕ್ಕೆ ನಾಲ್ಕು ಸಲವಾದರೂ ಚುಚ್ಚಿಕೊಳ್ಳಬೇಕಾಗುತ್ತದೆ. ಹೊಟ್ಟೆ, ತೊಡೆ, ತೋಳುಗಳಲ್ಲಿ ಜಾಗ ಬದಲಿಸುತ್ತ ಚುಚ್ಚಬೇಕು. ಒಂದೇ ಕಡೆ ಚುಚ್ಚಿದರೆ ಅಲ್ಲಿ ಗಂಟು ಕಟ್ಟಿ ಔಷಧ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಊಟಗಳಿಗೆ ಮುನ್ನ, ಮಲಗುವ ಮುನ್ನ ಮತ್ತು ಸಂದೇಹ ಬಂದಾಗಲೆಲ್ಲ ಬೆರಳ ರಕ್ತದ ಪರೀಕ್ಷೆ ಮಾಡಿ ಪುಸ್ತಕದಲ್ಲಿ ಬರೆಯಬೇಕು. ಕಳೆದ ಎರಡು ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಮೂರು ತಿಂಗಳಿಗೊಮ್ಮೆ ಮಾಡಿಸುವುದು ಕ್ರಮ.

ನಮ್ಮ ದೇಶದಲ್ಲಿ ಒಂದು ವಿಷಯಕ್ಕೆ ವಿಶೇಷ ಎಚ್ಚರ ಬೇಕು. ಇಲ್ಲಿ ಸೀಸೆಯಲ್ಲಿ ಬರುವ ಇನ್ಸುಲಿನ್ ಬಹುಮಟ್ಟಿಗೆ ಒಂದು ಮಿಲಿಲೀಟರಿಗೆ 40 ಯೂನಿಟ್ ಸಾಂದ್ರತೆಯದು. ಪೆನ್ನಿನಲ್ಲಿ ಬರುವುದು 100 ಯೂನಿಟ್ ಸಾಂದ್ರತೆಯದು. ಸಿರಿಂಜುಗಳಲ್ಲಿಯೂ ಇವೆರಡು ಬಗೆಯಿವೆ: ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಬಣ್ಣದ್ದು 100ಕ್ಕೆ. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಎಳೆದರೆ ಮಗುವಿಗೆ ಎರಡೂವರೆ ಪಟ್ಟು ಔಷಧ ಹೋಗುತ್ತದೆ. ಅಂಗಡಿಯಿಂದ ತಂದಾಗಲೆಲ್ಲ ಸೀಸೆಯ ಮೇಲಿನ ಅಂಕಿಯನ್ನೂ ಸಿರಿಂಜಿನ ಮೇಲಿನ ಅಂಕಿಯನ್ನೂ ಹೋಲಿಸಿ ನೋಡುವುದು ತಪ್ಪಬಾರದು.

ತೆರೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಅಂದರೆ ಫ್ರಿಜ್ಜಿನ ಬಾಗಿಲಿನ ಅರೆಯಲ್ಲಿ ಇಡಬೇಕು. ಮಂಜುಗಡ್ಡೆಯ ಭಾಗದಲ್ಲಿಟ್ಟು ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು. ಬಳಕೆಯಲ್ಲಿರುವ ಸೀಸೆ ತಂಪಾದ ಕೋಣೆಯಲ್ಲಿ ಸುಮಾರು ನಾಲ್ಕು ವಾರ ಬಾಳುತ್ತದೆ. ಆದರೆ ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ. ಫ್ರಿಜ್ಜಿಲ್ಲದ ಮನೆಯಲ್ಲಿ ದೊಡ್ಡ ಮಣ್ಣಿನ ಮಡಕೆಯೊಳಗೆ ಚಿಕ್ಕ ಮಡಕೆಯಿಟ್ಟು, ನಡುವಿನ ಮರಳನ್ನು ಒದ್ದೆಯಾಗಿಟ್ಟು, ಒಳಗಿನ ಒಣ ಮಡಕೆಯಲ್ಲಿ ಸೀಸೆಯಿಡುವ ಪದ್ಧತಿ ಉಪಯುಕ್ತ. ಕುಂಬಾರ ಬಂಧುಗಳ ಕಾಯಕ ಇಲ್ಲಿ ಒಂದು ಜೀವ ಕಾಯುತ್ತದೆ. ಬಳಸಿದ ಸೂಜಿಗಳನ್ನು ಗಟ್ಟಿಯಾದ ಮುಚ್ಚಳದ ಡಬ್ಬಿಯಲ್ಲಿ ತುಂಬಿ ಆಸ್ಪತ್ರೆಗೆ ಒಪ್ಪಿಸಬೇಕು, ತಿಪ್ಪೆಗೆ ಎಸೆಯಬಾರದು.

ಸಕ್ಕರೆ ಇಳಿದಾಗ

ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿಯುವುದು ತಕ್ಷಣದ ಅಪಾಯ. ಬೆವರು, ನಡುಕ, ಹಸಿವು, ತಲೆನೋವು, ಕಾರಣವಿಲ್ಲದ ಸಿಟ್ಟು ಅಥವಾ ಅಳು, ಮಾತು ತೊದಲುವುದು ಇದರ ಲಕ್ಷಣಗಳು. ಹಟ ಮಾಡುತ್ತಿದೆಯೆಂದು ಮಗುವನ್ನು ಗದರಿಸುವ ಮೊದಲು ಅದರ ಸಕ್ಕರೆ ನೋಡಬೇಕು. ಮೂರು ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿಯನ್ನು ನೀರಿನಲ್ಲಿ ಕಲಕಿ ಕುಡಿಸಿ, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಕುಡಿಸಬೇಕು. ಚಿಕ್ಕ ಮಕ್ಕಳಿಗೆ ಪ್ರಮಾಣ ಕಡಿಮೆ. ವೈದ್ಯರಿಂದ ಕೇಳಿ ಬರೆದಿಟ್ಟುಕೊಳ್ಳಬೇಕು. ಪೇಡಾ, ಲಾಡು, ಚಾಕೊಲೇಟುಗಳಲ್ಲಿ ಕೊಬ್ಬಿನಂಶವಿರುವುದರಿಂದ ಅವು ಸಕ್ಕರೆಯನ್ನು ಬೇಗ ಏರಿಸುವುದಿಲ್ಲ; ಸಕ್ಕರೆ ನೀರೇ ಲೇಸು. ಮಗು ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಸುರಿಯಬಾರದು, ಉಸಿರುಗಟ್ಟುವ ಭಯವಿದೆ. ಮಗ್ಗುಲಾಗಿ ಮಲಗಿಸಿ, ವೈದ್ಯರು ಗ್ಲುಕಗಾನ್ ಕೊಟ್ಟಿದ್ದರೆ ಅದನ್ನು ಚುಚ್ಚಿ, 108ಕ್ಕೆ ಕರೆ ಮಾಡಬೇಕು.

ಪ್ರಸಾದ ಮತ್ತು ದಾಸೋಹ

ಈ ಮಗು ಪ್ರಸಾದ ಸ್ವೀಕರಿಸಬಹುದು. ಎಲ್ಲರೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು, ಎಲ್ಲರೂ ಉಣ್ಣುವುದನ್ನೇ ಉಣ್ಣಬಹುದು. ಅದಕ್ಕೆಂದು ಬೇರೆ ಅಡುಗೆ ಮಾಡಿ ಪ್ರತ್ಯೇಕ ಕೂರಿಸುವುದು ತಪ್ಪು. ಬೇಕಾದುದು ಅಳತೆಯ ಅರಿವು ಮಾತ್ರ. ರೊಟ್ಟಿ, ಮುದ್ದೆಗಳಿಂದ ಸಕ್ಕರೆ ಏರುವುದಿಲ್ಲ, ಅನ್ನದಿಂದ ಮಾತ್ರ ಏರುತ್ತದೆ ಎಂಬ ನಂಬಿಕೆ ಸರಿಯಲ್ಲ. ಜೋಳ, ರಾಗಿ, ಅಕ್ಕಿ, ಗೋಧಿ ಯಾವುದೇ ಇರಲಿ, 100 ಗ್ರಾಂ ಧಾನ್ಯದಲ್ಲಿ ಸುಮಾರು 65ರಿಂದ 80 ಗ್ರಾಂ ಪಿಷ್ಟವಿರುತ್ತದೆ; ಅದು ಜೀರ್ಣವಾಗಿ ಸಕ್ಕರೆಯಾಗುತ್ತದೆ. ಆದ್ದರಿಂದ ರೊಟ್ಟಿ ಎಷ್ಟು, ಅನ್ನ ಎಷ್ಟು ಸೌಟು, ಹುಗ್ಗಿ ಎಷ್ಟು ಎಂದು ಲೆಕ್ಕವಿಟ್ಟು ಇನ್ಸುಲಿನ್ ಪ್ರಮಾಣ ಹೊಂದಿಸುವುದನ್ನು ಆಹಾರ ತಜ್ಞರು ಕಲಿಸಿಕೊಡುತ್ತಾರೆ. ಹೋಳಿಗೆ, ಮಾದಲಿ, ಕಡುಬುಗಳನ್ನು ಹಬ್ಬದಂದು ಲೆಕ್ಕದೊಳಗೆ ಸೇರಿಸಿ ಕೊಡಬಹುದು.

ದಾಸೋಹದಲ್ಲಿ ಬಡಿಸುವವರು ಎರಡು ಸಂಗತಿಗಳನ್ನು ತಿಳಿದಿರಬೇಕು. ಮೊದಲನೆಯದು ಕಾಯುವಿಕೆ. ಪಂಕ್ತಿ ಕುಳಿತು, ಮಂತ್ರ ಮುಗಿದು, ಹಿರಿಯರ ಅಪ್ಪಣೆಯಾದ ಮೇಲೆ ತುತ್ತೆತ್ತುವುದು ನಮ್ಮ ಸಂಪ್ರದಾಯ. ಊಟವೆಂದು ನಂಬಿ ಇನ್ಸುಲಿನ್ ಚುಚ್ಚಿಕೊಂಡ ಮಗು ಪ್ರವಚನ ಮುಗಿಯುವವರೆಗೆ ಮುಕ್ಕಾಲು ಗಂಟೆ ಕಾದರೆ ಅದರ ಸಕ್ಕರೆ ಕುಸಿಯುತ್ತದೆ. ಬಡಿಸುವ ಹೊತ್ತು ಖಚಿತವಾದ ಮೇಲೆಯೇ ಚುಚ್ಚಿಸಬೇಕು. ಚುಚ್ಚಿಯಾಗಿದ್ದರೆ ಆ ಮಗು ಅಪ್ಪಣೆಗೆ ಕಾಯದೆ ಉಣ್ಣತಕ್ಕದ್ದು. ಎರಡನೆಯದು ಒತ್ತಾಯ. ಪ್ರಸಾದವನ್ನು ಬಿಡಬಾರದೆಂಬ ನಿಯಮ ನಮ್ಮಲ್ಲಿದೆ. ಅದು ಒಳ್ಳೆಯ ನಿಯಮ. ಅಕ್ಕರೆಯಿಂದ ಇನ್ನೊಂದು ಸೌಟು ಹಾಕಿ ಬಿಡಬೇಡವೆಂದರೆ ಮಗು ಇನ್ಸುಲಿನ್ನಿಗಿಂತ ಹೆಚ್ಚು ಉಣ್ಣುತ್ತದೆ. ಕೇಳಿ, ಅಳೆದು, ಒಮ್ಮೆಗೇ ಬಡಿಸಿದರೆ ನಿಯಮವೂ ಉಳಿಯುತ್ತದೆ, ಮಗುವೂ ಕ್ಷೇಮವಾಗಿರುತ್ತದೆ.

ಇಷ್ಟಲಿಂಗ ಪೂಜೆಗೆ ಮುನ್ನ ಏನನ್ನೂ ಸೇವಿಸಬಾರದೆಂಬ ಕಟ್ಟುಪಾಡು ಹಲವು ಮನೆಗಳಲ್ಲಿದೆ. ಬೆಳಿಗ್ಗೆ ಎದ್ದಾಗ ಸಕ್ಕರೆ ಇಳಿದಿದ್ದರೆ ಮಗು ಮೊದಲು ಸಕ್ಕರೆ ನೀರು ಕುಡಿಯಲಿ, ಅನಂತರ ಪೂಜೆಗೆ ಕುಳಿತುಕೊಳ್ಳಲಿ. ಶಿವರಾತ್ರಿಯಂದು ಜಾಗರಣೆ, ಭಜನೆಗಳಲ್ಲಿ ಅದು ಪಾಲ್ಗೊಳ್ಳಬಹುದು, ರಾತ್ರಿ ನಡುನಡುವೆ ಪರೀಕ್ಷೆ ಮಾಡುತ್ತಿರಬೇಕು. ನಿರಾಹಾರ ಉಪವಾಸ ಅದಕ್ಕೆ ಸಲ್ಲದು. ಶರಣರು ಕಾಯವನ್ನು ಹೀಗಳೆಯಲಿಲ್ಲ. ಅದನ್ನು ಶಿವನ ನೆಲೆಯೆಂದೇ ಕಂಡರು. ಕಾಯವನ್ನು ಕಾಯುವ ಸೂಜಿಯೂ ಸಕ್ಕರೆ ನೀರೂ ಪೂಜೆಗೆ ಅಡ್ಡಿಯಾಗಲಾರವು.

ಜ್ವರ, ವಾಂತಿ ಬಂದ ದಿನ

ಊಟ ಮಾಡಿಲ್ಲವೆಂದು ಇನ್ಸುಲಿನ್ ಬಿಡುವುದು ಮನೆಗಳಲ್ಲಿ ನಡೆಯುವ ದೊಡ್ಡ ತಪ್ಪು. ಜ್ವರ ಬಂದಾಗ ದೇಹಕ್ಕೆ ಇನ್ಸುಲಿನ್ ಹೆಚ್ಚೇ ಬೇಕಾಗಬಹುದು. ದೀರ್ಘಾವಧಿ ಇನ್ಸುಲಿನ್ನನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು. ಪ್ರಮಾಣವನ್ನು ವೈದ್ಯರಿಗೆ ಕರೆ ಮಾಡಿ ಕೇಳಬೇಕು. ಎರಡು ಮೂರು ಗಂಟೆಗೊಮ್ಮೆ ಸಕ್ಕರೆ ನೋಡಿ, ನೀರು, ಗಂಜಿ ತಿಳಿ ಕೊಡುತ್ತಿರಬೇಕು. ಸಕ್ಕರೆ 250 ದಾಟಿ ಇಳಿಯದೆ, ಜೊತೆಗೆ ವಾಂತಿಯೂ ಆಗುತ್ತಿದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಮಗುವಿನ ಮನಸ್ಸು

ಇಷ್ಟನ್ನೂ ಕಲಿತ ಮೇಲೆಯೂ ಒಂದು ಕಷ್ಟದ ಭಾಗ ಉಳಿಯುತ್ತದೆ. ಸ್ವಂತ ಮನೆಯ ಮಗುವಿಗೆ ತನ್ನನ್ನು ಯಾರೂ ಹೊರಹಾಕುವುದಿಲ್ಲವೆಂಬ ಭರವಸೆ ಹುಟ್ಟಿನಿಂದಲೇ ಇರುತ್ತದೆ. ಪೋಷಕರ ಮನೆಗೆ ಬಂದ ಮಗುವಿಗೆ ಆ ಭರವಸೆ ಇರುವುದಿಲ್ಲ. ಒಮ್ಮೆ ಎಲ್ಲವನ್ನೂ ಕಳೆದುಕೊಂಡ ಮಗು, ತಾನು ಹೊರೆಯಾದರೆ ಮತ್ತೆ ಕಳುಹಿಸಿಬಿಡುತ್ತಾರೆಂದು ಒಳಗೊಳಗೇ ಅಂಜುತ್ತಿರುತ್ತದೆ. ಸೂಜಿ, ಪಟ್ಟಿ, ಆಸ್ಪತ್ರೆಯ ಖರ್ಚಿನ ಮಾತು ಹಿರಿಯರ ನಡುವೆ ಬಂದಾಗ ಅದು ಬಾಗಿಲ ಮರೆಯಲ್ಲಿ ಕೇಳಿಸಿಕೊಳ್ಳುತ್ತದೆ.

ಈ ಅಂಜಿಕೆಯಿಂದ ಮಗು ಸಕ್ಕರೆಯ ಅಂಕಿಯನ್ನು ಮುಚ್ಚಿಡಬಹುದು. 300 ಬಂದುದನ್ನು 150 ಎಂದು ಬರೆಯಬಹುದು. ನಡುಕ ಬಂದರೂ ಹೇಳದೆ ತರಗತಿಯಲ್ಲಿ ಕುಳಿತಿರಬಹುದು. ಹಸಿವಿನ ದಿನಗಳನ್ನು ಕಂಡ ಮಗು ರೊಟ್ಟಿ, ಬೆಲ್ಲಗಳನ್ನು ಹಾಸಿಗೆಯಡಿ ಬಚ್ಚಿಟ್ಟು ರಾತ್ರಿ ತಿನ್ನಬಹುದು. ಬೆಳಗಿನ ಪರೀಕ್ಷೆಯಲ್ಲಿ ಸಕ್ಕರೆ ಏರಿರುತ್ತದೆ. ಆಗ ಕಳ್ಳನೆಂದೋ ಸುಳ್ಳನೆಂದೋ ಬಯ್ದರೆ ಮುಂದಿನ ಸಲ ಇನ್ನೂ ಜಾಣತನದಿಂದ ಮುಚ್ಚಿಡುತ್ತದೆ. ಮುಚ್ಚಿಟ್ಟ ಅಂಕಿಯೇ ಒಂದು ದಿನ ಅದನ್ನು ತುರ್ತು ಚಿಕಿತ್ಸಾ ಘಟಕಕ್ಕೆ ತಲುಪಿಸುತ್ತದೆ.

ಆದ್ದರಿಂದ ಮೀಟರಿನ ಅಂಕಿಯನ್ನು ಒಳ್ಳೆಯದು ಕೆಟ್ಟದ್ದು ಎಂದು ಕರೆಯಬಾರದು. ಹೆಚ್ಚಿದೆ, ಕಡಿಮೆಯಿದೆ, ಈಗ ಏನು ಮಾಡೋಣ ಎನ್ನಬೇಕು. ನಿಜವಾದ ಅಂಕಿ ಹೇಳಿದ ಮಗುವಿಗೆ, ಅದು ಎಷ್ಟೇ ಏರಿರಲಿ, ಹೇಳಿದ್ದಕ್ಕಾಗಿ ಮೆಚ್ಚುಗೆ ಸಿಗಬೇಕು. ಹಸಿವಾದಾಗ ಕೇಳಿ ತಿನ್ನಲು ಒಂದು ಡಬ್ಬಿ ಅದರ ಕೈಗೆಟಕುವಲ್ಲಿಯೇ ಇರಲಿ. ತಿಂದುದನ್ನು ಹೇಳಿದರೆ ಲೆಕ್ಕ ಹಾಕಿ ಇನ್ಸುಲಿನ್ ಕೊಡಬಹುದು. ಖರ್ಚಿನ ಮಾತನ್ನು ಮಗುವಿನ ಮುಂದೆ ಆಡಬಾರದು. ಬಂಧುಗಳು ಮನೆಗೆ ಬಂದಾಗ ಇದರ ಕಾಯಿಲೆಯೇ ಮೊದಲ ಪರಿಚಯವಾಗಬಾರದು. ಹೆಣ್ಣುಮಗುವಾದರೆ ಮುಂದೆ ಮದುವೆ ಹೇಗೆ ಎಂಬ ನಿಟ್ಟುಸಿರನ್ನು ಅದರೆದುರು ಬಿಡಬಾರದು. ಸರಿಯಾದ ಚಿಕಿತ್ಸೆಯಲ್ಲಿರುವ ಟೈಪ್ ಒನ್ ಇರುವವರು ಓದುತ್ತಾರೆ, ದುಡಿಯುತ್ತಾರೆ, ಆಡುತ್ತಾರೆ, ಮದುವೆಯಾಗುತ್ತಾರೆ, ಮಕ್ಕಳನ್ನು ಹೆರುತ್ತಾರೆ.

ಇನ್ನೊಂದು ಎಚ್ಚರ. ಮಗು ಚುರುಕಾಗಿದೆ, ತಾನೇ ಚುಚ್ಚಿಕೊಳ್ಳುತ್ತದೆಯೆಂದು ಹಿರಿಯರು ಬೇಗನೆ ಕೈಬಿಡುವುದುಂಟು. ಅನೇಕ ಮಕ್ಕಳು ಹತ್ತು ಹನ್ನೆರಡರ ಪ್ರಾಯಕ್ಕೆ ತಾವೇ ಚುಚ್ಚಿಕೊಳ್ಳಬಲ್ಲರು. ಆದರೆ ಪ್ರಮಾಣವನ್ನು ಹಿರಿಯರೊಬ್ಬರು ಪಕ್ಕದಲ್ಲಿದ್ದು ನೋಡುವುದು ಹದಿಹರೆಯ ಮುಗಿಯುವವರೆಗೂ ಬೇಕು. ಹದಿಹರೆಯದಲ್ಲಿ ಇನ್ಸುಲಿನ್ ಅಗತ್ಯ ಹೆಚ್ಚುತ್ತದೆ, ಬೇಸರವೂ ಹೆಚ್ಚುತ್ತದೆ. ಎಲ್ಲರಂತಿರಬೇಕೆಂಬ ಆಸೆಯಿಂದ ಸೂಜಿ ತಪ್ಪಿಸುವ ವಯಸ್ಸು ಅದು.

ಶಾಲೆ ಮತ್ತು ಪ್ರಸಾದ ನಿಲಯ

ಟೈಪ್ ಒನ್ ಇರುವ ಮಕ್ಕಳು ತರಗತಿಯಲ್ಲಿ ರಕ್ತ ಪರೀಕ್ಷೆ ಮಾಡಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ಬೇಕಾದಾಗ ಏನಾದರೂ ತಿನ್ನಲು ಅವಕಾಶ ಕೊಡಬೇಕೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು 2023ರಲ್ಲಿ ರಾಜ್ಯಗಳಿಗೆ ಪತ್ರ ಬರೆದಿದೆ. ಪೋಷಕರು ವೈದ್ಯರ ಪತ್ರದೊಡನೆ ಮುಖ್ಯೋಪಾಧ್ಯಾಯರನ್ನು ಕಂಡು ಮಾತನಾಡಬೇಕು. ತರಗತಿಯ ಶಿಕ್ಷಕರು, ಆಟದ ಶಿಕ್ಷಕರು, ಬಿಸಿಯೂಟದ ಅಡುಗೆಯವರು, ಮಗುವಿನ ಪಕ್ಕ ಕೂರುವ ಗೆಳೆಯ ಇಷ್ಟು ಜನಕ್ಕೆ ಸಕ್ಕರೆ ಇಳಿದ ಲಕ್ಷಣಗಳು ತಿಳಿದಿರಬೇಕು. ಮಗುವಿನ ಚೀಲದಲ್ಲಿ ಗ್ಲುಕೋಸ್ ಪೊಟ್ಟಣ ಸದಾ ಇರಬೇಕು. ಆಟದಿಂದ ಸಕ್ಕರೆ ಇಳಿಯುತ್ತದೆ. ಅದಕ್ಕಾಗಿ ಆಟ ಬಿಡಿಸಬೇಕಿಲ್ಲ, ಆಟಕ್ಕೆ ಮುನ್ನ ಪರೀಕ್ಷಿಸಿ ಬೇಕಿದ್ದರೆ ಸ್ವಲ್ಪ ತಿನ್ನಿಸಿ ಕಳುಹಿಸಬೇಕು.

ಪ್ರಸಾದ ನಿಲಯಗಳಲ್ಲಿ ಇಂಥ ಮಗು ಇದ್ದರೆ ಮೇಲ್ವಿಚಾರಕರೊಬ್ಬರಿಗೆ ಮಾತ್ರ ತಿಳಿದಿದ್ದರೆ ಸಾಲದು. ಅವರು ರಜೆಯ ಮೇಲೆ ಹೋದ ರಾತ್ರಿಯೇ ಸಕ್ಕರೆ ಇಳಿಯಬಹುದು. ಕನಿಷ್ಠ ಮೂವರು ಹಿರಿಯರಿಗೆ ಚುಚ್ಚುವುದು, ಪರೀಕ್ಷಿಸುವುದು, ತುರ್ತು ಕ್ರಮ ಇವು ಕೈಯಾರೆ ಬರುವಂತಿರಬೇಕು.

ಕೈಬದಲಿಸುವ ಪುಸ್ತಕ

ಪ್ರತಿ ಪೋಷಕ ಕುಟುಂಬವೂ ಒಂದು ದಪ್ಪ ನೋಟುಪುಸ್ತಕ ಇರಿಸಿಕೊಳ್ಳಬೇಕೆಂಬುದು ನಮ್ಮ ವಿನಂತಿ. ಮೊದಲ ಪುಟದಲ್ಲಿ ಇನ್ಸುಲಿನ್ನಿನ ಹೆಸರು, ಸಾಂದ್ರತೆ, ಪ್ರಮಾಣ, ಹೊತ್ತು. ಎರಡನೆಯದರಲ್ಲಿ ವೈದ್ಯರ ಮತ್ತು ಆಸ್ಪತ್ರೆಯ ದೂರವಾಣಿ. ಮೂರನೆಯದರಲ್ಲಿ ಸಕ್ಕರೆ ಇಳಿದಾಗ ಈ ಮಗು ತೋರುವ ಲಕ್ಷಣಗಳು. ಒಂದು ಮಗು ನಕ್ಕು ನಕ್ಕು ಮಾತಾಡಬಹುದು, ಇನ್ನೊಂದು ಮೌನವಾಗಬಹುದು. ಅದಕ್ಕೆ ಇಷ್ಟವಾದ ತಿಂಡಿ, ಚುಚ್ಚಿಸಿಕೊಳ್ಳಲು ಒಪ್ಪುವ ಜಾಗ, ಹೆದರುವ ಸಂಗತಿ ಇವನ್ನೂ ಬರೆದಿಡಬೇಕು. ಜೊತೆಗೆ ಸಮಿತಿಯ ಆದೇಶದ ಪ್ರತಿ, ಆಸ್ಪತ್ರೆಯ ಕಾಗದಗಳು ಇರಲಿ. ಮಗು ಮುಂದೆ ಹೆತ್ತವರ ಬಳಿಗೆ ಮರಳಿದರೂ ಬೇರೆ ಮನೆಗೆ ಹೋದರೂ ಈ ಪುಸ್ತಕ ಅದರ ಜೊತೆಗೆ ಹೋಗಬೇಕು. ಬಿಟ್ಟುಕೊಡುವ ದಿನ ಕನಿಷ್ಠ ಎರಡು ವಾರಕ್ಕಾಗುವಷ್ಟು ಇನ್ಸುಲಿನ್, ಸಿರಿಂಜು, ಪಟ್ಟಿಗಳನ್ನೂ ಕೊಟ್ಟು ಕಳುಹಿಸಬೇಕು. ನಾವು ಮಗುವನ್ನು ಎಷ್ಟು ಪ್ರೀತಿಸಿದ್ದೆವು ಎಂಬುದಕ್ಕೆ ಇದಕ್ಕಿಂತ ಉಪಯುಕ್ತವಾದ ಗುರುತು ಬೇರೆ ಇರಲಾರದು.

ನೆರವು ಎಲ್ಲಿ

ಇನ್ಸುಲಿನ್ ನಮ್ಮ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಜಿಲ್ಲಾ ಆಸ್ಪತ್ರೆ ಮತ್ತು ಸರ್ಕಾರಿ ವೈದ್ಯಕೀಯ ಕಾಲೇಜುಗಳ ಮಕ್ಕಳ ವಿಭಾಗದಲ್ಲಿ ಮೊದಲು ವಿಚಾರಿಸಬೇಕು. ಬೆಂಗಳೂರಿನಲ್ಲಿ ಮಧುಮೇಹ ಮತ್ತು ಅಂತಃಸ್ರಾವ ಗ್ರಂಥಿಗಳ ಚಿಕಿತ್ಸೆಗೆಂದೇ ಸರ್ಕಾರದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್ ಸಂಸ್ಥೆಯಿದೆ. ಪೋಷಕತ್ವದ ವಿಚಾರಕ್ಕೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು, ಸಂಕಷ್ಟದಲ್ಲಿರುವ ಮಗುವನ್ನು ಕಂಡರೆ 1098 ಸಹಾಯವಾಣಿಯನ್ನು ಸಂಪರ್ಕಿಸಬೇಕು. ಪರೀಕ್ಷಾ ಪಟ್ಟಿಗಳ ಖರ್ಚು ತಿಂಗಳು ತಿಂಗಳೂ ಬರುವಂಥದು. ಜನ್ಮದಿನ, ಪುಣ್ಯಸ್ಮರಣೆಗಳ ನಿಮಿತ್ತ ದಾಸೋಹ ಸೇವೆ ಸಲ್ಲಿಸುವ ಭಕ್ತರು ತಮ್ಮೂರಿನ ಇಂಥ ಒಂದು ಮಗುವಿನ ಪಟ್ಟಿಗಳ ವೆಚ್ಚವನ್ನು ವರ್ಷಕ್ಕೆ ಒಂದು ತಿಂಗಳು ವಹಿಸಿಕೊಂಡರೂ ಹನ್ನೆರಡು ಮನೆಗಳಲ್ಲಿ ಆ ಮಗುವಿನ ವರ್ಷ ಸಾಗುತ್ತದೆ.

ಪೋಷಕರಾಗಲು ಇಚ್ಛಿಸುವ ಭಕ್ತರು ರೋಗವಿರುವ ಮಗುವೆಂದು ಹಿಂಜರಿಯಬಾರದೆಂದು ಕೋರುತ್ತೇವೆ. ಚುಚ್ಚುವುದನ್ನು ಆಸ್ಪತ್ರೆಯ ದಾದಿಯರು ಕೆಲವೇ ದಿನಗಳಲ್ಲಿ ಕಲಿಸಿಕೊಡುತ್ತಾರೆ. ಅಕ್ಷರ ಬಾರದ ಅಜ್ಜಿಯರೂ ಅದನ್ನು ಕಲಿತು ಚೆನ್ನಾಗಿ ಮಾಡಬಲ್ಲರು. ಕಲಿಯಲು ಹೋಗುವಾಗ ಮನೆಯಿಂದ ಒಬ್ಬರೇ ಹೋಗದೆ ಇಬ್ಬರು ಮೂವರು ಒಟ್ಟಿಗೆ ಹೋಗಿ.



ಕಾರ್ಯದರ್ಶಿ, ಶ್ರೀಮಠ